ರಬ್ಬರ್ ಉಜ್ಜಿದ ರ‍್ಯಾಮು, ಹ್ಯಾಂಗ್ ಆದ ಹಾಡು

ಪ್ರಿಯ ಓದುಗರೇ, ನಮಸ್ಕಾರ.

ತಿಪಟೂರಿನಿಂದ ನೀವು ಬರೆದ ಪತ್ರ ತಲುಪಿತು. ಬಹಳ ವರ್ಷ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ) ಅಂಗಡಿ ನಡೆಸಿದವರು ನೀವು. “ಮೊನ್ನೆ ಮಗ ಫೋನಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರರ್ ಸದ್ದು ಕೇಳಿಸಿದ. ಮನಸ್ಸು ತುಂಬಿ ಬಂತು. ಆಗ ಅದೇ ಸದ್ದಿಗೆ ಹಿಡಿಶಾಪ ಹಾಕುತ್ತಿದ್ದೆ. ಕಾಟ ಕೊಟ್ಟಿದ್ದನ್ನೇ ನೆನೆದು ಖುಷಿಪಡೋದು ಸರಿಯಾ? ಅಟ್ಟದ ಮೇಲಿರುವ ಆ ಕಂಪ್ಯೂಟರನ್ನು ಗುಜರಿಗೆ ಹಾಕಿಬಿಡಲಾ?” ಎಂದು ಕೇಳಿದ್ದೀರಿ.

ಧಾರಾಳವಾಗಿ ಖುಷಿಪಡಿ. ಆ ಕಂಪ್ಯೂಟರ್‌ಗಳು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದವು. ಕೇಳಿ ಕೇಳಿ ಅದು ನಮಗೆ ತಿಳಿಯುತ್ತಿತ್ತು. ನಿಮಗೆ ಈಗ ಬೇಕೆನಿಸುತ್ತಿರುವುದು ಆ ತಿಳಿವಳಿಕೆ ಅಂತ ನನಗೆ ಅನ್ನಿಸುತ್ತದೆ.

ಸಿಪಿಯು ಡಬ್ಬದೊಳಗಿನ ಪುಟ್ಟ ಸ್ಪೀಕರನ್ನೇ ತೆಗೆದುಕೊಳ್ಳಿ. ಸ್ವಿಚ್ ಹಾಕಿದ ತಕ್ಷಣ ಪರದೆ ಇನ್ನೂ ಎದ್ದಿರುವುದಿಲ್ಲ. ತೊಂದರೆ ಇದ್ದರೆ ಬರೆದು ತೋರಿಸಲು ಜಾಗವೇ ಇಲ್ಲ. ಹಾಗಾಗಿ ಬೀಪ್. ಒಂದೇ ಚಿಕ್ಕ ಬೀಪ್ ಬಂದರೆ ಎಲ್ಲ ಸರಿ. ಒಂದು ಉದ್ದ, ಎರಡು ಚಿಕ್ಕದು ಬಂದರೆ ಹಲವು ಮದರ್‌ಬೋರ್ಡ್‌ಗಳಲ್ಲಿ ಡಿಸ್‌ಪ್ಲೇ ಕಾರ್ಡಿನ ಸಮಸ್ಯೆ. ಉದ್ದ ಬೀಪ್ ಬಿಡದೆ ಹೊಡೆದುಕೊಂಡರೆ ಸಾಮಾನ್ಯವಾಗಿ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್. ಆಗ ಏನು ಮಾಡುತ್ತಿದ್ದಿರಿ ಅಂತ ನಿಮಗೇ ಗೊತ್ತು: ಪಕ್ಕದ ಕವರ್ ಬಿಚ್ಚಿ, ಎರಡು ಬದಿಯ ಕ್ಲಿಪ್ ಒತ್ತಿ ರ‍್ಯಾಮ್ ಕೀಳುವುದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವುದು, ಪುಡಿ ಊದಿ ಟಕ್ ಅಂತ ಕೂರಿಸುವುದು. ಮತ್ತೆ ಆನ್ ಮಾಡಿ ಒಂದೇ ಒಂದು ಚಿಕ್ಕ ಬೀಪ್ ಕೇಳಿಸಿದರೆ ಸಿಗುತ್ತಿದ್ದ ಸಮಾಧಾನ ಇದೆಯಲ್ಲ, ಅದನ್ನು ನೆನೆಯಲು ನಾಚಿಕೆ ಯಾಕೆ?

ಹಾಡು ಕೇಳುತ್ತಿರುವಾಗಲೇ ಕಂಪ್ಯೂಟರ್ ಹ್ಯಾಂಗ್ ಆದರೆ ಒಂದೇ ಚೂರು ‘ಗರ್ರ್ರ್’ ಎಂದು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೂ ಕಾರಣವಿದೆ. ಸೌಂಡ್ ಕಾರ್ಡ್ ಮೆಮೊರಿಯ ಒಂದು ಚಿಕ್ಕ ಭಾಗವನ್ನು ಸುತ್ತಿ ಸುತ್ತಿ ಓದುತ್ತಿರುತ್ತದೆ. ಅಲ್ಲಿಗೆ ಹೊಸ ಸದ್ದು ತುಂಬುವುದು ಪ್ರೊಸೆಸರ್ ನಡೆಸುವ ಪ್ರೋಗ್ರಾಂನ ಕೆಲಸ. ಅದು ನಿಂತುಹೋದರೂ ಕಾರ್ಡ್‌ಗೆ ಗೊತ್ತಾಗುವುದಿಲ್ಲ. ಇದ್ದಿದ್ದನ್ನೇ ಓದುತ್ತಲೇ ಇರುತ್ತದೆ.

ಹಾಗೇ ಕಿಟಕಿಯ ಬಾಲ. ಪುಟ ಜೋಡಿಸುವ ಪ್ರೋಗ್ರಾಂ ಪೇಜ್‌ಮೇಕರ್ ಹ್ಯಾಂಗ್ ಆದಾಗ ಅದರ ಮೇಲೆ ಎರರ್ ಪೆಟ್ಟಿಗೆಯನ್ನು ಎಳೆದಾಡಿದರೆ ಅದರ ಅಚ್ಚು ಸಾಲುಸಾಲಾಗಿ ಉಳಿಯುತ್ತಿತ್ತು. ಮಕ್ಕಳು ಅದರಲ್ಲೇ ಚಿತ್ರ ಬಿಡಿಸುತ್ತಿದ್ದರು. ಆಗ ಪ್ರತಿ ಪ್ರೋಗ್ರಾಂ ತನ್ನ ಜಾಗವನ್ನು ಪರದೆಯ ಮೇಲೆ ತಾನೇ ಬಳಿಯಬೇಕಿತ್ತು. ಹ್ಯಾಂಗ್ ಆದದ್ದು ಬಳಿಯುವುದೆಲ್ಲಿ? 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾ, ಪ್ರತಿ ಕಿಟಕಿಯ ಚಿತ್ರವನ್ನು ಬೇರೆಯಾಗಿ ಇಟ್ಟುಕೊಂಡು ಜೋಡಿಸತೊಡಗಿತು. ಬಾಲ ಮಾಯವಾಯಿತು. ಒಳ್ಳೆಯ ಸುಧಾರಣೆಯೇ, ಒಪ್ಪುತ್ತೇನೆ.

ನಮ್ಮ ಕನ್ನಡದವರಿಗೆ ಇದ್ದ ಎಡವಟ್ಟೂ ಒಂದಿದೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯಲ್ಲಿ ಟೈಪ್ ಮಾಡಿದ ಲೇಖನವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ‘ಕನ್ನಡ’ದ ‘ನ’ ಇರಬೇಕಾದಲ್ಲಿ ಬ್ರಿಟಿಷ್ ಪೌಂಡ್ ಚಿಹ್ನೆ! ಆ ಹಳೆಯ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನಿಮ್ಮ ಕಸುಬಿನವರು ಒಮ್ಮೆ ಕಣ್ಣು ಹಾಯಿಸಿ, “ನುಡಿ ಫಾಂಟ್ ಹಾಕಿ ಸಾರ್, ಬರುತ್ತೆ” ಅನ್ನುತ್ತಿದ್ದರು. ಎಷ್ಟೋ ಪತ್ರಿಕೆಗಳು ಹೊತ್ತಿಗೆ ಸರಿಯಾಗಿ ಹೊರಬಂದದ್ದು ಇಂಥವರಿಂದ.

ಈಗ ಏನು ಕೆಟ್ಟರೂ ಒಂದು ಚಕ್ರ ಸುಮ್ನೆ ತಿರುಗುತ್ತದೆ. ಆಮೇಲೆ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ. ಏನು ತಪ್ಪು, ಎಲ್ಲಿ? ಹೇಳುವುದಿಲ್ಲ. ಕೆಡುವುದು ಕಡಿಮೆಯಾಗಿದೆ ನಿಜ. ಆದರೆ ಕೆಟ್ಟಾಗ ನಾವು ಕೈಕಟ್ಟಿ ಕೂರುವುದು ಜಾಸ್ತಿಯಾಗಿದೆ, ಅಲ್ವಾ? ಇದು ನನಗೆ ನಿಜವಾಗಿ ಬೇಸರದ ವಿಷಯ.

ಇನ್ನು ನಿಮ್ಮ ಅಟ್ಟದ ಕಂಪ್ಯೂಟರ್. ದಯವಿಟ್ಟು ಈಗಲೇ ಗುಜರಿಗೆ ಹಾಕಬೇಡಿ. ಮೊದಲು ಧೂಳು ತೆಗೆಸಿ, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಚೆಕ್ ಮಾಡಿಸಿ. ಮದರ್‌ಬೋರ್ಡ್ ಮೇಲಿನ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದ್ದರೆ ಕರೆಂಟ್ ಕೊಡಬೇಡಿ. ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಗಾಬರಿ ಬೇಡ, ಸಿಆರ್ 2032 ಎಂಬ ಬಿಲ್ಲೆ ಶೆಲ್ ಬದಲಾಯಿಸಿದರೆ ಸಾಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ಗೇ ನಿಂತಿದೆ, ಆದ್ದರಿಂದ ಇಂಟರ್ನೆಟ್ಟಿಗೆ ಜೋಡಿಸಬೇಡಿ. ಆನ್ ಮಾಡುವಾಗ ಮಗನ ಫೋನನ್ನು ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿಕೊಳ್ಳಿ: ಬೀಪ್, ಫ್ಲಾಪಿ ಡ್ರೈವಿನ ಕರಕರ, ಎಲ್ಲವನ್ನೂ. ನೀವು ಟೈಪ್ ಮಾಡಿದ ಹಳೆಯ ಫೈಲ್‌ಗಳನ್ನು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ ಇಡಿ, ಅದಕ್ಕೆ ಪರಿವರ್ತಕಗಳಿವೆ. ಹಾರ್ಡ್ ಡಿಸ್ಕ್ ಮಾತ್ರ ಟಕ್ ಟಕ್ ಎಂದು ಒಂದೇ ಸಮನೆ ಬಡಿದುಕೊಂಡರೆ ತಕ್ಷಣ ಆಫ್ ಮಾಡಿ, ಡೇಟಾ ತೆಗೆದುಕೊಡುವವರ ಹತ್ತಿರ ಒಯ್ಯಿರಿ.

ನಿಮ್ಮ,
ಸಂಪಾದಕ