ಉಹುರಾ ನಿಮ್ಮ ಲೇಖನದಲ್ಲೂ ಮೂಲೆಯಲ್ಲೇ ಕೂತಿದ್ದಾಳೆ

ನಮಸ್ಕಾರ.

‘ಸ್ಟಾರ್ ಟ್ರೆಕ್’ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ವಿಷಯ ಗಟ್ಟಿಯಾಗಿದೆ, ನಿಮ್ಮ ಸಂಕಟವೂ ನಿಜವಾದದ್ದು.

1966ರಿಂದ 1969ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಆ ಬಾಹ್ಯಾಕಾಶ ಹಡಗಿನ ಧಾರಾವಾಹಿ, ಹಡಗಿನ ಸಂಪರ್ಕ ನೋಡಿಕೊಳ್ಳುವ ಕಪ್ಪು ಅಧಿಕಾರಿ ಉಹುರಾಳನ್ನು ಮೂಲೆಗುಂಪು ಮಾಡಿತು ಅಂತ ನಿಮ್ಮ ವಾದ. ಒಪ್ಪುತ್ತೇನೆ. ಈಗ ನಿಮ್ಮ ಲೇಖನವನ್ನೇ ನೋಡಿ. ಮೊದಲ ಪ್ಯಾರಾ ಹಡಗಿನ ಬಿಳಿಯ ಕ್ಯಾಪ್ಟನ್ ಕರ್ಕ್ ಬಗ್ಗೆ. ಎರಡನೆಯದು ನಿರ್ಮಾಪಕರ ಬಗ್ಗೆ. ಮೂರನೆಯದರಲ್ಲಿ ಪಾತ್ರ ಬಿಡಲು ಹೊರಟ ನಟಿ ನಿಶೆಲ್ ನಿಕೋಲ್ಸ್‌ಗೆ ಮಾರ್ಟಿನ್ ಲೂಥರ್ ಕಿಂಗ್ ಹೇಳಿದ ಬುದ್ಧಿಮಾತು. ನಾಲ್ಕನೆಯದು 1968ರ ಕಂತಿನಲ್ಲಿ ಕರ್ಕ್ ಉಹುರಾಳಿಗೆ ಇಟ್ಟ ಮುತ್ತು. ಎಲ್ಲರೂ ಬಂದು ಹೋದರು. ಉಹುರಾ ಏನು ಮಾಡುತ್ತಿದ್ದಳು? ಅದು ಎಲ್ಲೂ ಇಲ್ಲ. ‘ಮೂಲೆಗುಂಪು’ ಎಂಬ ಪದ ಮಾತ್ರ ಒಂಬತ್ತು ಸಲ ಬಂದಿದೆ.

1967ರ ‘ದಿ ಚೇಂಜ್‌ಲಿಂಗ್’ ಕಂತನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ಉಹುರಾ ತನ್ನ ಜಾಗದಲ್ಲಿ ಕೂತು ಹಾಡಿಕೊಳ್ಳುತ್ತಿರುತ್ತಾಳೆ. ನೋಮಾಡ್ ಎಂಬ ಯಂತ್ರ ಆ ಹಾಡನ್ನು ಕೇಳಿ ಹತ್ತಿರ ಬಂದು, ಅವಳ ತಲೆಯಲ್ಲಿದ್ದುದನ್ನೆಲ್ಲ ಅಳಿಸಿಬಿಡುತ್ತದೆ. ಆಮೇಲೆ ಹಡಗಿನ ಆಸ್ಪತ್ರೆಯಲ್ಲಿ ನರ್ಸ್ ಅವಳಿಗೆ ಓದು ಕಲಿಸುತ್ತಾಳೆ, ಒಂದನೇ ಕ್ಲಾಸಿನ ಮಗುವಿಗೆ ಕಲಿಸುವ ಹಾಗೆ. ಒಂದು ಸಣ್ಣ ಪದ ನಾಲಿಗೆಗೆ ಸಿಗುವುದಿಲ್ಲ. ಸಿಟ್ಟು ಬಂದು ಉಹುರಾ ಆಫ್ರಿಕಾದ ಸ್ವಾಹಿಲಿ ನುಡಿಯಲ್ಲಿ ಮಾತಾಡಿಬಿಡುತ್ತಾಳೆ! ಎಲ್ಲ ಅಳಿದರೂ ಆ ನುಡಿ ಉಳಿದಿದೆ. ಎಂಥ ಕಥೆ ಅಲ್ವಾ? ಆದರೆ ಕಂತಿನ ಕೊನೆಯಲ್ಲಿ, ಒಂದು ವಾರದೊಳಗೆ ಕೆಲಸಕ್ಕೆ ಬರುತ್ತಾಳೆ ಅಂತ ಡಾಕ್ಟರ್ ಹೇಳುತ್ತಾನೆ. ಅಷ್ಟೇ. ಮುಂದೆ ಆ ಮಾತೇ ಬರುವುದಿಲ್ಲ. ಕರ್ಕ್‌ನ ನೆನಪು ಅಳಿದಿದ್ದರೆ ಹೀಗೆ ಬಿಡುತ್ತಿದ್ದರಾ? ಈ ಪ್ರಶ್ನೆಯನ್ನು ಓದುಗರೇ ಕೇಳಿಕೊಳ್ಳುವ ಹಾಗೆ ದೃಶ್ಯವನ್ನು ಬರೆಯಿರಿ. ನೀವು ತೀರ್ಪು ಕೊಡುವುದೇ ಬೇಕಾಗುವುದಿಲ್ಲ.

ಮುತ್ತಿನ ಭಾಗ ಜಾಸ್ತಿಯಾಯಿತು. ‘ಟಿವಿಯ ಮೊಟ್ಟಮೊದಲ ಕಪ್ಪು-ಬಿಳಿ ಮುತ್ತು’ ಎಂಬುದನ್ನು ತೆಗೆಯಿರಿ, ಅದಕ್ಕೂ ಮುಂಚಿನವು ಇವೆ. ಆ ಕಂತಿನಲ್ಲಿ ಇಬ್ಬರೂ ಬೇಕಂತ ಮುತ್ತಿಡುವುದಿಲ್ಲ. ಬೇರೆಯವರು ಮನೋಬಲದಿಂದ ಅವರ ಮೈಯನ್ನು ಆಡಿಸುತ್ತಾರೆ. ನಿಮ್ಮ ವಾದಕ್ಕೆ ಬೇಕಾದದ್ದು ಇದು, ಇದನ್ನೇ ಬಿಟ್ಟಿದ್ದೀರಿ.

ಕೊನೆಯ ಸಾಲಿನಲ್ಲಿ ಸುಮ್ನೆ ತುರುಕಿದ ಹೆಸರಿನ ವಿಷಯವನ್ನು ಮೇಲಕ್ಕೆ ತನ್ನಿ. ಹಡಗಿನ ಏಷ್ಯಾ ಮೂಲದ ಅಧಿಕಾರಿ, ಜಾರ್ಜ್ ಟಕೇಯಿ ಮಾಡಿದ ಸುಲು ಪಾತ್ರದ ಪೂರ್ತಿ ಹೆಸರು ತೆರೆಯ ಮೇಲೆ ಕೇಳಿಸಿದ್ದು 1991ರ ಸಿನಿಮಾದಲ್ಲಿ. ಉಹುರಾಳ ಹೆಸರು ನ್ಯೋಟಾ ಅಂತ ತೆರೆಯ ಮೇಲೆ ಗೊತ್ತಾಗಿದ್ದು 2009ರಲ್ಲಿ. ನಲವತ್ತಮೂರು ವರ್ಷ! ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನೊಂದು. 1973ರ ಕಾರ್ಟೂನ್ ಸರಣಿಯನ್ನು ನೀವು ಮುಟ್ಟಿಯೇ ಇಲ್ಲ. ಮೊದಲು ಅದರಲ್ಲಿ ನಿಕೋಲ್ಸ್, ಟಕೇಯಿ ಇಬ್ಬರ ದನಿಯೂ ಇರುವುದಿಲ್ಲ ಅಂತ ಆಗಿತ್ತು. ಅವರಿಲ್ಲದೆ ನಾನೂ ಬರುವುದಿಲ್ಲ ಅಂತ ಸ್ಪಾಕ್ ಪಾತ್ರದ ನಟ ಲೆನಾರ್ಡ್ ನಿಮೋಯ್ ಪಟ್ಟು ಹಿಡಿದ. ಅದರ ‘ದಿ ಲೊರೆಲಾಯ್ ಸಿಗ್ನಲ್’ ಕಂತಿನಲ್ಲಿ ಹಡಗು ಉಹುರಾಳ ಕೈಗೆ ಬರುತ್ತದೆ. ಅದನ್ನು ನೋಡಿ, ಆಮೇಲೆ ಹೊಸದಾಗಿ ಬರೆದು ಕಳಿಸಿ. ಕಾಯುತ್ತಿರುತ್ತೇನೆ.