ಯುರೋಪಿನ ಬಾಸ್ಕೆಟ್‌ಬಾಲ್ ಕ್ಲಬ್‌ಗಳ ಟೂರ್ನಿ ಯೂರೋಲೀಗ್‌ನ ಪ್ಲೇಆಫ್ ಅಮೆರಿಕದ ಎನ್‌ಬಿಎಗಿಂತ ಯಾಕೆ ಅಷ್ಟು ಬಿಗಿ? ಕೊನೆಗೆ ಒಂದೇ ಪಂದ್ಯಕ್ಕೆ ಕಪ್ ಕೊಡೋದು ನ್ಯಾಯಾನಾ?

ನಾನು ಜರ್ಮನಿಯಲ್ಲಿ ಒಂದು ಬಾಸ್ಕೆಟ್‌ಬಾಲ್ ಕ್ಲಬ್‌ಗೆ ವಿಡಿಯೋ ಸ್ಕೌಟಿಂಗ್ ಮಾಡುತ್ತೇನೆ, ಅಂದರೆ ಎದುರಾಳಿಗಳ ಆಟವನ್ನು ವಿಡಿಯೋದಲ್ಲಿ ನೋಡಿ ಅಳೆಯುವ ಕೆಲಸ. ನಮ್ಮದು ಯೂರೋಲೀಗ್ ಮಟ್ಟದ ಕ್ಲಬ್ ಅಲ್ಲ. ಆದರೆ ಆ ಪಂದ್ಯಗಳನ್ನು ತುಂಡು ತುಂಡು ಮಾಡಿ ನೋಡುವುದು ಕೆಲಸದ ಭಾಗವೇ ಆಗಿಬಿಟ್ಟಿದೆ.

ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ನಿಯಮದಲ್ಲೇ ಇದೆ. ಇಲ್ಲಿ ಪಂದ್ಯ 40 ನಿಮಿಷ, ಎನ್‌ಬಿಎಯಲ್ಲಿ 48. ಐದು ಫೌಲ್ ಆದರೆ ಆಚೆ. ಡಿಫೆನ್ಸ್ ಮಾಡುವವನು ರಿಂಗ್ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅನ್ನೋ ಎನ್‌ಬಿಎ ನಿಯಮ ಇಲ್ಲಿಲ್ಲ. ರಿಯಲ್ ಮ್ಯಾಡ್ರಿಡ್‌ನ ಎಡಿ ತವಾರೆಸ್ ಥರದ ದೈತ್ಯ ಅಲ್ಲೇ ಠಿಕಾಣಿ ಹೂಡಿದರೆ ಒಳಗೆ ನುಗ್ಗುವವರು ಎಲ್ಲಿಗೆ ಹೋಗಬೇಕು? ಟೈಮ್‌ಔಟ್ ಕೇಳುವ ಅಧಿಕಾರವೂ ಬೆಂಚ್‌ಗೆ ಮಾತ್ರ. ಚೆಂಡು ಕೈಯಲ್ಲಿಟ್ಟುಕೊಂಡು ಸಿಕ್ಕಿಹಾಕಿಕೊಂಡ ಆಟಗಾರ ತಾನೇ ಕೇಳಿ ಬಚಾವ್ ಆಗುವ ಹಾಗಿಲ್ಲ.

ಇನ್ನರ್ಧ ಉತ್ತರ ಕ್ವಾರ್ಟರ್‌ಫೈನಲ್ ಸರಣಿಯಲ್ಲಿದೆ. ಐದು ಪಂದ್ಯ, ಮೂರು ಗೆದ್ದವರು ಮುಂದೆ. ಮೊದಲೆರಡು ಪಂದ್ಯ ಒಂದೇ ಊರಿನಲ್ಲಿ, ನಡುವೆ ಒಂದೇ ದಿನ ಬಿಡುವು. ನಮ್ಮ ಲೀಗ್‌ನಲ್ಲೂ ಐದು ಪಂದ್ಯದ ಸರಣಿಯೇ, ಹಾಗಾಗಿ ಆ ಒಂದು ದಿನ ಹೇಗಿರುತ್ತದೆ ಅಂತ ಗೊತ್ತು. ರಾತ್ರಿ ಪಂದ್ಯ ಮುಗಿದರೆ ಬೆಳಗಿನ ಮೀಟಿಂಗ್‌ಗೆ ಕ್ಲಿಪ್ ರೆಡಿ ಇರಬೇಕು. ಹೆಚ್ಚು ತೋರಿಸಿದರೆ ಹುಡುಗರು ತೂಕಡಿಸುತ್ತಾರೆ, ಹತ್ತು ಹನ್ನೆರಡು ಸಾಕು. ಎರಡನೇ ಪಂದ್ಯದ ಹೊತ್ತಿಗೆ ಎದುರಾಳಿ ಗಾರ್ಡ್ (ಚೆಂಡು ಹಿಡಿದು ಆಟ ನಡೆಸುವವನು) ಮುಷ್ಟಿ ಎತ್ತಿದ ಕೂಡಲೇ ಯಾವ ಪ್ಲೇ ಬರುತ್ತದೆ ಅಂತ ನಮ್ಮ ಬೆಂಚಿನ ಕೊನೆಯ ಹುಡುಗನೂ ಕೂಗಿ ಹೇಳುತ್ತಾನೆ. ಅವರ ಬೆಂಚೂ ನಮಗೆ ಅದನ್ನೇ ಮಾಡುತ್ತದೆ. ಆಮೇಲೆ ಉಳಿಯೋದು ಸಣ್ಣ ಸಣ್ಣ ಬದಲಾವಣೆ. ಗಾರ್ಡ್‌ನನ್ನು ಕಾಯುವವನ ದಾರಿಗೆ ಅವನ ಜೊತೆಗಾರ ಅಡ್ಡ ನಿಲ್ಲುವುದಕ್ಕೆ ಸ್ಕ್ರೀನ್ ಅನ್ನುತ್ತಾರೆ. ಮಂಗಳವಾರ ಸ್ಕ್ರೀನ್ ಬಿದ್ದಾಗ ಹಿಂದೆ ಸರಿದು ರಿಂಗ್ ಕಾದ ಸೆಂಟರ್ (ರಿಂಗ್ ಬಳಿ ಆಡುವ ಎತ್ತರದ ಆಟಗಾರ), ಗುರುವಾರ ಮುಂದೆ ನುಗ್ಗಿ ಗಾರ್ಡ್ ಮೇಲೆಯೇ ಬೀಳುತ್ತಾನೆ. ನೀವು ಬಿಗಿ ಅನ್ನುತ್ತಿರುವುದು ಇದನ್ನೇ.

2023ರ ರಿಯಲ್ ಮ್ಯಾಡ್ರಿಡ್–ಪಾರ್ಟಿಜಾನ್ ಸರಣಿ ತೆಗೆದುಕೊಳ್ಳಿ. ಒಂಬತ್ತು ಸಲ ಯೂರೋಲೀಗ್ ಗೆದ್ದ ಜೆಲ್ಕೋ ಒಬ್ರಾದೊವಿಚ್ ಆಗ ಸರ್ಬಿಯಾದ ಪಾರ್ಟಿಜಾನ್‌ಗೆ ಕೋಚ್. ಮ್ಯಾಡ್ರಿಡ್‌ಗೆ ಹೋಗಿ ಎರಡೂ ಪಂದ್ಯ ಗೆದ್ದುಬಿಟ್ಟರು. ಎರಡನೆಯದಂತೂ ಪೂರ್ತಿ ಮುಗಿಯಲೇ ಇಲ್ಲ. ಪಾರ್ಟಿಜಾನ್ 95-80 ಮುಂದಿತ್ತು. ಮ್ಯಾಡ್ರಿಡ್‌ನ ಸೆರ್ಹಿಯೊ ಲ್ಯುಲ್ ಮಾಡಿದ ಒಂದು ಫೌಲ್‌ನಿಂದ ಶುರುವಾದ ಜಗಳದಲ್ಲಿ ಅವನದೇ ತಂಡದ ಗೆರ್ಶಾನ್ ಯಾಬುಸೆಲೆ ಪಾರ್ಟಿಜಾನ್‌ನ ಡಾಂಟೆ ಎಕ್ಸಮ್‌ನನ್ನು ಎತ್ತಿ ನೆಲಕ್ಕೆ ಹಾಕಿದ. ಪಂದ್ಯ ಅಲ್ಲಿಗೇ ನಿಂತಿತು. ಯಾಬುಸೆಲೆಗೆ ಐದು ಪಂದ್ಯ ನಿಷೇಧ, ಪಾರ್ಟಿಜಾನ್‌ನ ಮುಖ್ಯ ಸ್ಕೋರರ್ ಕೆವಿನ್ ಪಂಟರ್‌ಗೆ ಎರಡು.

ಮ್ಯಾಡ್ರಿಡ್ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಪಾರ್ಟಿಜಾನ್ ತವರು ಬೆಲ್‌ಗ್ರೇಡ್‌ನಲ್ಲಿ ಕಿವಿ ಕಿತ್ತುಹೋಗುವಂಥ ಗದ್ದಲದ ನಡುವೆ ಅವರು 82-80, ಆಮೇಲೆ 85-78 ಗೆದ್ದರು. ಪಂಟರ್ ಇರಲಿಲ್ಲ, ಅದಕ್ಕೇ ಸೋತರು ಅಂತ ಪಾರ್ಟಿಜಾನ್ ಅಭಿಮಾನಿಗಳು ಈಗಲೂ ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಆದರೆ ಐದನೇ ಪಂದ್ಯಕ್ಕೆ ಪಂಟರ್ ವಾಪಸ್ ಬಂದಿದ್ದ, ಪಾರ್ಟಿಜಾನ್ 18 ಪಾಯಿಂಟ್ ಮುಂದೆಯೂ ಇತ್ತು, ಆದರೂ 98-94ಕ್ಕೆ ಕೈಬಿಟ್ಟಿತು. ಐದು ಪಂದ್ಯದ ಯೂರೋಲೀಗ್ ಸರಣಿಯಲ್ಲಿ 0-2 ಹಿಂದಿದ್ದವರು ಗೆದ್ದಿದ್ದು ಅದೇ ಮೊದಲು. ಅದೇ ಮ್ಯಾಡ್ರಿಡ್ ಆಮೇಲೆ ಲಿಥುವೇನಿಯಾದ ಕೌನಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಗ್ರೀಸ್‌ನ ಒಲಿಂಪಿಯಾಕೋಸ್ ವಿರುದ್ಧ 79-78ರಲ್ಲಿ ಕಪ್ ಎತ್ತಿತು. ಗೆಲುವಿನ ಶಾಟ್ ಲ್ಯುಲ್‌ದು. ಆ ಫೈನಲ್‌ನಲ್ಲಿ ಅಲ್ಲಿವರೆಗೆ ಅವನು ಒಂದು ಪಾಯಿಂಟೂ ಹೊಡೆದಿರಲಿಲ್ಲ!

ಈಗ ನ್ಯಾಯದ ಪ್ರಶ್ನೆ. ಕ್ವಾರ್ಟರ್‌ಫೈನಲ್ ಗೆದ್ದ ನಾಲ್ಕು ತಂಡ ಒಂದು ಊರಿನಲ್ಲಿ ಸೇರುತ್ತವೆ, ಇದೇ ಫೈನಲ್ ಫೋರ್. ಒಂದು ಸೆಮಿ, ಒಂದು ಫೈನಲ್, ಮುಗೀತು. ನನ್ನ ಪ್ರಕಾರ ನ್ಯಾಯ ಅಲ್ಲ. 2012ರ ಇಸ್ತಾಂಬುಲ್ ಫೈನಲ್ ನೋಡಿ. ಒಲಿಂಪಿಯಾಕೋಸ್ ವಿರುದ್ಧ ಸಿಎಸ್‌ಕೆಎ ಮಾಸ್ಕೋ ಮೂರನೇ ಕ್ವಾರ್ಟರ್‌ನಲ್ಲಿ 19 ಪಾಯಿಂಟ್ ಮುಂದಿತ್ತು. ಕೊನೆಗೆ 61-60 ಇರುವಾಗ ಅವರ ಅನುಭವಿ ಶಿಶ್ಕೌಸ್ಕಸ್ ಎರಡು ಫ್ರೀ ಥ್ರೋ ತಪ್ಪಿಸಿದ. ಒಲಿಂಪಿಯಾಕೋಸ್‌ನ ಸ್ಪಾನೂಲಿಸ್ ಓಡಿ ಬಂದು ಪಾಸ್ ಕೊಟ್ಟ, ಜೊತೆಗಾರ ಪ್ರಿಂಟೆಜಿಸ್ ಚೆಂಡನ್ನು ಮೇಲಕ್ಕೆ ತೇಲಿಸಿದ, ಒಲಿಂಪಿಯಾಕೋಸ್ 62-61. ಐದು ಪಂದ್ಯ ಆಡಿಸಿದ್ದರೆ ಸಿಎಸ್‌ಕೆಎಯೇ ಗೆಲ್ಲುತ್ತಿತ್ತು ಅಂತ ನನಗೆ ಅನಿಸುತ್ತದೆ. ಆದರೆ ಆ ಕೊನೆಯ ನಿಮಿಷ ಎಷ್ಟು ಸಲ ಹಾಕಿ ನೋಡಿದ್ದೇನೋ, ಬೇಜಾರೇ ಆಗಿಲ್ಲ. ಅದಕ್ಕೇ ಫೈನಲ್ ಫೋರ್ ತೆಗೆಯಿರಿ ಅಂತ ವಾದ ಮಾಡಲು ನಾನು ಹೋಗುವುದಿಲ್ಲ. 2025ರಲ್ಲಿ ಅದನ್ನು ಅಬುಧಾಬಿಗೆ ಒಯ್ದಿದ್ದು ಮಾತ್ರ ಸುತಾರಾಂ ಇಷ್ಟ ಆಗಲಿಲ್ಲ. ಅಲ್ಲಿನ ಫೈನಲ್‌ನಲ್ಲಿ ಟರ್ಕಿಯ ಫೆನರ್‌ಬಾಚೆ ಮೊನಾಕೊ ತಂಡವನ್ನು 81-70ಕ್ಕೆ ಸೋಲಿಸಿದ್ದು ಒಳ್ಳೆ ಆಟವೇ. ಆದರೆ ಡ್ರಮ್ ಹೊತ್ತುಕೊಂಡು ಬಸ್ಸು ಹತ್ತಿ ಬರುವ ಅಭಿಮಾನಿ ಅಲ್ಲಿಗೆ ಹೇಗೆ ಬರಬೇಕು, ಹೇಳಿ?

ನೋಡಲು ಶುರು ಮಾಡುವುದಾದರೆ ಫೈನಲ್‌ನಿಂದ ಬೇಡ. ಯಾವುದಾದರೂ ಒಂದು ಕ್ವಾರ್ಟರ್‌ಫೈನಲ್ ಹಿಡಿದು ಮೊದಲೆರಡು ಪಂದ್ಯ ಬೆನ್ನುಬೆನ್ನಿಗೆ ನೋಡಿ. ಸ್ಕ್ರೀನ್ ಬಿದ್ದಾಗ ಸೆಂಟರ್ ಎಲ್ಲಿ ನಿಲ್ಲುತ್ತಾನೆ ಅನ್ನೋದರ ಮೇಲೆ ಕಣ್ಣಿಟ್ಟರೆ ಸಾಕು.