ಹಿಂದೆ ಯುರೋಪಲ್ಲಿ ಮಕ್ಕಳು ಫಾರ್ಮಲ್ ಡ್ರೆಸ್ ಜೊತೆ ಉದ್ದ ಸ್ಟಾಕಿಂಗ್ಸ್ ಯಾಕೆ ಹಾಕ್ತಿದ್ರು?

ಚಳಿ ಒಂದು ಕಾರಣ, ಆದ್ರೆ ಬರೀ ಅದೇ ಅಲ್ಲ. 18ನೇ ಶತಮಾನದಲ್ಲಿ ಅನುಕೂಲಸ್ಥರ ಮನೆ ಹುಡುಗರು ದೊಡ್ಡವರ ಥರಾನೇ ಮೊಣಕಾಲವರೆಗಿನ ಬ್ರೀಚಸ್ ಅನ್ನೋ ಪ್ಯಾಂಟ್ ಹಾಕೋರು, ಕೆಳಗೆ ಕಾಲು ಬರಿದಾಗಿ ಕಂಡ್ರೆ ಚೆನ್ನಾಗಿರಲ್ಲ ಅಂತ ಉದ್ದ ಸ್ಟಾಕಿಂಗ್ಸ್, ಅದು ಜಾರದ ಹಾಗೆ ಗಾರ್ಟರ್ ಪಟ್ಟಿ ಬೇರೆ ಕಟ್ಟೋರು. 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಸ್ಟಾಕಿಂಗ್ಸ್ ಹೆಣೆಯೋ ಯಂತ್ರ ಮಾಡಿದ್ದ, ಆದ್ರೂ ಕೈಯಲ್ಲಿ ಹೆಣೆಯೋದು ಎಷ್ಟೋ ಕಾಲ ನಿಲ್ಲಲಿಲ್ಲ. ಆಮೇಲೆ 20ನೇ ಶತಮಾನದಲ್ಲಿ ಚಡ್ಡಿ ಜೊತೆ ಮೊಣಕಾಲ ಸಾಕ್ಸ್ ಬಂದು ಉದ್ದದ್ದು ನಿಧಾನಕ್ಕೆ ಹೋಯ್ತು. ಆದ್ರೆ ನಂಗೆ ತುಂಬಾ ಇಷ್ಟ ಆಗೋ ವಿಷಯ ಏನಂದ್ರೆ, 1552ರಲ್ಲಿ ಶುರುವಾದ ಇಂಗ್ಲೆಂಡಿನ ಕ್ರೈಸ್ಟ್ಸ್ ಹಾಸ್ಪಿಟಲ್ ಅನ್ನೋ ಸ್ಕೂಲಲ್ಲಿ ಉದ್ದ ನೀಲಿ ಕೋಟು, ಹಳದಿ ಸ್ಟಾಕಿಂಗ್ಸ್ ಇವತ್ತಿಗೂ ಯೂನಿಫಾರ್ಮ್, ಮಕ್ಕಳು ದಿನಾ ಅದನ್ನೇ ಹಾಕ್ತಾರೆ.